ಎಂಟು ಗುಂಪು, ಆರು ವಾರ, ಒಂದೇ ಕ್ಯಾಮೆರಾ: ಕಾಲೇಜಿನ ವಿಡಿಯೊ ಪ್ರಾಜೆಕ್ಟು ಮಾಡಿಸುವುದು ಹೇಗೆ?

ಪ್ರಶ್ನೆ: ಕಾರವಾರ ಸಮೀಪದ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಅಂತಿಮ ವರ್ಷದಲ್ಲಿ 32 ಮಕ್ಕಳು, ಎಂಟು ಗುಂಪು. ಆರು ವಾರದೊಳಗೆ ಪ್ರತಿ ಗುಂಪೂ ಐದು ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು. ಕಾಲೇಜಿನಲ್ಲಿರುವುದು ಒಂದು ಕ್ಯಾಮೆರಾ, ಒಂದು ಟ್ರೈಪಾಡ್. ಉಳಿದದ್ದೆಲ್ಲ ಮಕ್ಕಳ ಮೊಬೈಲು. ಕಳೆದ ವರ್ಷ ಐದು ಗುಂಪುಗಳು 'ನಮ್ಮ ಜಿಲ್ಲೆಯ ಪ್ರವಾಸಿ ತಾಣಗಳು' ಎಂದೇ ಮಾಡಿದವು. ಒಂದರಲ್ಲೂ ಮಾತು ಸರಿಯಾಗಿ ಕೇಳಿಸಲಿಲ್ಲ. ಎರಡು ಗುಂಪು ಕೊನೆಯ ದಿನ 'ಫೈಲೇ ಹೋಯ್ತು ಮೇಡಂ' ಎಂದವು. ಈ ಸಲ ಎಲ್ಲಿಂದ ಶುರು ಮಾಡಲಿ? ಹೊಸ ಕ್ಯಾಮೆರಾಕ್ಕೆ ಬೇಡಿಕೆ ಸಲ್ಲಿಸಲೇ?

ಉತ್ತರ: ಆ ಐದು ಚಿತ್ರಗಳಲ್ಲೂ ಯಾಣದ ಬಂಡೆ ಇದ್ದಿರಬೇಕು. ಮುರುಡೇಶ್ವರದ ಶಿವ, ಗೋಕರ್ಣದ ಓಂ ಬೀಚು, ಕೊನೆಗೊಂದು ಸೂರ್ಯಾಸ್ತ, ಹಿಂದೆ ಯಾವುದೋ ಆ್ಯಪ್‌ನಿಂದ ಎತ್ತಿಕೊಂಡ ಕೊಳಲು. ನೋಡದೆಯೇ ಹೇಳುತ್ತಿದ್ದೇನೆ, ಜಿಲ್ಲೆಯಲ್ಲಿ ನಾನು ಕಮ್ಮಟ ನಡೆಸಿದ ಕಡೆಯಲ್ಲೆಲ್ಲ ಮೊದಲ ದಿನ ಮೇಜಿನ ಮೇಲೆ ಬೀಳುವುದು ಇದೇ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. 'ಒಂದು ವಿಷಯ ಆರಿಸಿಕೊಂಡು ಬನ್ನಿ' ಎಂದು ನಾವು ಹೇಳುತ್ತೇವೆ, ಅವರು ಒಂದು ನಾಮಪದ ಹಿಡಿದುಕೊಂಡು ಬರುತ್ತಾರೆ: ಪ್ರವಾಸೋದ್ಯಮ, ಮೀನುಗಾರಿಕೆ, ಯಕ್ಷಗಾನ, ಪರಿಸರ. ನಾಮಪದದ ಮೇಲೆ ಪ್ರಬಂಧ ಬರೆಯಬಹುದು. ಕ್ಯಾಮೆರಾ ಹಿಡಿದು ನಿಂತರೆ ಅದನ್ನು ಎತ್ತ ತಿರುಗಿಸಬೇಕು ಎಂಬುದೇ ಗೊತ್ತಾಗುವುದಿಲ್ಲ. ಕಂಡದ್ದನ್ನೆಲ್ಲ ತೆಗೆದುಕೊಂಡು ಬಂದು, ಮೇಲೆ ವಿಕಿಪೀಡಿಯಾ ಓದಿ ಮುಗಿಸುತ್ತಾರೆ.

ಈ ಸಲ ಕ್ರಿಯಾಪದ ಕೇಳಿ. ಯಾರೋ ಒಬ್ಬರು, ಒಂದು ಜಾಗದಲ್ಲಿ, ಏನೋ ಒಂದು ಕೆಲಸ ಮಾಡಬೇಕು, ಆ ಕೆಲಸ ನಮ್ಮ ಕಣ್ಣೆದುರೇ ಶುರುವಾಗಿ ನಮ್ಮ ಕಣ್ಣೆದುರೇ ಮುಗಿಯಬೇಕು. 'ಮೀನುಗಾರಿಕೆ' ಎಂದು ಬರೆದುಕೊಂಡು ಬಂದ ಗುಂಪನ್ನು ವಾಪಸ್ ಕಳಿಸಿ. 'ಬೈತಖೋಲ ಬಂದರಿನಲ್ಲಿ ಒಬ್ಬರು ಹರಿದ ಬಲೆಯನ್ನು ಮಧ್ಯಾಹ್ನದ ಊಟದೊಳಗೆ ಸರಿಮಾಡುತ್ತಾರೆ' ಎಂದು ಬರೆದುಕೊಂಡು ಬಂದರೆ ಒಪ್ಪಿಕೊಳ್ಳಿ. ಆ ಒಂದು ವಾಕ್ಯದಲ್ಲಿ ಚಿತ್ರದ ಮೊದಲು, ನಡು, ಕೊನೆ ಮೂರೂ ಇವೆ. ಹರಿದ ಬಲೆ, ಹೊಲಿಯುವ ಕೈ, ದೋಣಿಗೆ ಏರುವ ಬಲೆ. ನಡುವೆ ಅವರು ಏನು ಮಾತಾಡಿದರೂ ಅದಕ್ಕೊಂದು ಜಾಗ ಸಿಗುತ್ತದೆ. ಡೀಸೆಲ್ ರೇಟು, ದೋಣಿಗೆ ಹೋಗಲೊಲ್ಲದ ಮಗ, ಹಿಂದೆಲ್ಲ ಸಿಗುತ್ತಿದ್ದ ಬಂಗುಡೆ, ಯಾವುದಾದರೂ ಸರಿ. 'ಮೀನುಗಾರಿಕೆಯ ಸಮಸ್ಯೆಗಳು' ಎಂದು ಹೊರಟವರಿಗೆ ಇದರಲ್ಲಿ ಒಂದೂ ಸಿಕ್ಕಿರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಕಟ್ಟು ಹಾಕಿ. ಕಾಲೇಜಿನಿಂದಲೋ ಗುಂಪಿನ ಒಬ್ಬರ ಮನೆಯಿಂದಲೋ ಬಸ್ಸಿನಲ್ಲಿ ಒಂದು ತಾಸಿನೊಳಗೆ ಮುಟ್ಟುವ ಜಾಗವೇ ಆಗಬೇಕು. ಒಳ್ಳೆಯ ಚಿತ್ರಕ್ಕೆ ಒಂದೇ ಜಾಗಕ್ಕೆ ಮೂರು ಸಲ ಹೋಗಬೇಕಾಗುತ್ತದೆ. ದೂರ ಇದ್ದರೆ ಮಕ್ಕಳು ಒಂದೇ ಸಲ, ಅದೂ ಟೆಂಪೊ ಮಾಡಿಕೊಂಡು ಪಿಕ್ನಿಕ್ಕಿನ ಹಾಗೆ ಹೋಗುತ್ತಾರೆ. ಯಾಣ ಯಾಕೆ ಬೇಡ ಎನ್ನುವುದಕ್ಕೆ ಸೌಂದರ್ಯಶಾಸ್ತ್ರದ ಕಾರಣ ಬೇಕಿಲ್ಲ, ಬಸ್ಸಿನ ಕಾರಣ ಸಾಕು.

ಮುಂದೆ ನೋಡಬೇಕಾದದ್ದು ಋತು. ನಮ್ಮ ಜಿಲ್ಲೆಯಲ್ಲಿ ಸೆಮಿಸ್ಟರ್ ಒಂದು ಕಡೆ ಎಳೆದರೆ ಕೆಲಸಗಳ ಕ್ಯಾಲೆಂಡರು ಇನ್ನೊಂದು ಕಡೆ ಎಳೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಬಂದರಿಗೆ ಹೋಗಿ 'ಮೀನು ಇಳಿಸುವುದನ್ನು ತೆಗೆಯುತ್ತೇವೆ' ಎಂದರೆ ನಗುತ್ತಾರೆ. ಆದರೆ ಬಲೆ ರಿಪೇರಿ, ದೋಣಿ ರಿಪೇರಿಗೆ ಅದೇ ಸುಗ್ಗಿ ಕಾಲ. ಅಡಿಕೆ ಕೊನೆಕೊಯ್ಲು ನವೆಂಬರಿನಿಂದ ಜನವರಿ ದಾಟುವವರೆಗೆ. ಆಲೆಮನೆ ಜನವರಿಯಿಂದ ಮಾರ್ಚಿನ ಸುಮಾರಿಗೆ. ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ಬೇಸಿಗೆ ಬೇಕು, ಮೊದಲ ಮಳೆಗೆ ಎಲ್ಲ ಮುಗಿಯಿತು. ಯಕ್ಷಗಾನ ಮೇಳಗಳ ತಿರುಗಾಟ ಮಳೆಗಾಲ ಕಳೆದ ಮೇಲೆ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಿಮ್ಮ ಆರು ವಾರ ಯಾವ ತಿಂಗಳಿಗೆ ಬೀಳುತ್ತವೋ ನೋಡಿಕೊಂಡು, ಆಗ ಊರಲ್ಲಿ ನಿಜಕ್ಕೂ ನಡೆಯುವ ಕೆಲಸಗಳನ್ನು ಮಕ್ಕಳ ಕೈಯಲ್ಲೇ ಬೋರ್ಡಿನ ಮೇಲೆ ಬರೆಸಿ. ಅರ್ಧ ಗಂಟೆಯಲ್ಲಿ ಬೋರ್ಡು ತುಂಬುತ್ತದೆ. ಮೀನುಗಾರರ ಮನೆಯವರು, ತೋಟದ ಮನೆಯವರು, ಸಣ್ಣ ಅಂಗಡಿಯವರ ಮಕ್ಕಳೇ ನಿಮ್ಮ ತರಗತಿಯಲ್ಲಿ ಕೂತಿರುತ್ತಾರೆ. ಅವರ ಮನೆಯ ಕೆಲಸ 'ಸಾಕ್ಷ್ಯಚಿತ್ರದ ವಿಷಯ' ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಋತುವಿನ ಪಾಠವನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಅಂಕೋಲಾ ಕಡೆಯ ಹಾಲಕ್ಕಿ ಕೊಪ್ಪವೊಂದರಲ್ಲಿ ಸುಗ್ಗಿಯ ದಿನ ಅಜ್ಜಿಯೊಬ್ಬರ ಪದ ರೆಕಾರ್ಡು ಮಾಡಿದ್ದೆ. ಚಂದದ ಬೆಳಕು, ಚಂದದ ಮುಖ. ಮನೆಗೆ ಬಂದು ಕೇಳಿದರೆ ಮೈಕಿನ ಸ್ವಿಚ್ಚೇ ಹಾಕಿಲ್ಲ. ಕ್ಯಾಮೆರಾದ ಒಳಮೈಕಿನಲ್ಲಿ ದೂರದ ಗುಮಟೆಯ ಬಡಿತ, ಒಂದು ನಾಯಿ, ನನ್ನದೇ ಉಸಿರು. ತಿಂಗಳು ಬಿಟ್ಟು ಮತ್ತೆ ಹೋಗಿ 'ಇನ್ನೊಮ್ಮೆ ಹಾಡಿ ಅಜ್ಜಿ' ಎಂದೆ. 'ಸುಗ್ಗಿ ಪದ ಸುಗ್ಗೀಲೇ ಹೇಳೂದು ತಮಾ, ಈಗ ಹೇಳೂಕಾಗೂದಿಲ್ಲ' ಎಂದು ಅಡಿಕೆ ಜಜ್ಜುತ್ತ ಕೂತರು. ಮರುವರ್ಷದ ಹೋಳಿಯವರೆಗೆ ಕಾದೆ. ಅಂದಿನಿಂದ ಕಿವಿಗೆ ಇಯರ್‌ಫೋನ್ ಹಾಕದೆ ರೆಕಾರ್ಡ್ ಬಟನ್ ಮುಟ್ಟಿಲ್ಲ.

ಹಾಲಕ್ಕಿಯವರ ಮಾತು ಬಂದದ್ದಕ್ಕೆ ಹೇಳುತ್ತೇನೆ. ಸಸಿ ನೆಟ್ಟು ಬೆಳೆಸಿದ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಬ್ಬರೂ ಪದ್ಮಶ್ರೀ ಪಡೆದವರು, ಇಬ್ಬರೂ ಅಂಕೋಲಾ ತಾಲೂಕಿನವರು. ನಿಮ್ಮ ಒಂದು ಗುಂಪಾದರೂ ಅವರ ಮೇಲೆ ಚಿತ್ರ ಮಾಡುತ್ತೇವೆ ಎಂದು ಬರುತ್ತದೆ. ಇಂಟರ್ನೆಟ್ಟಿನ ಫೋಟೊ, ಬೇರೆಯವರು ಮಾಡಿದ ಸಂದರ್ಶನದ ತುಣುಕು ಅಂಟಿಸಿದರೆ ಅದು ಶ್ರದ್ಧಾಂಜಲಿ ಸ್ಟೇಟಸ್ ಆಗುತ್ತದೆ. ಅವರ ಕೊಪ್ಪದಲ್ಲಿ, ಪಕ್ಕದ ಕೊಪ್ಪದಲ್ಲಿ ಹಾಡುವ, ಸಸಿ ನೆಡುವ ಹೆಂಗಸರು ಇನ್ನೂ ಇದ್ದಾರೆ. ಗುಂಪನ್ನು ಅಲ್ಲಿಗೆ ಕಳಿಸಿ. ಹಾಗೆಯೇ 2024ರ ಜುಲೈ 16ರ ಶಿರೂರು ಗುಡ್ಡ ಕುಸಿತ, ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಬಿದ್ದದ್ದು ಮಕ್ಕಳಿಗೆ ಆಕರ್ಷಣೆ. ಸೇತುವೆ ಸರಿ, ದಿನಾ ಅದರ ಮೇಲೆ ಸದಾಶಿವಗಡದಿಂದ ಕಾರವಾರಕ್ಕೆ ಬರುತ್ತಿದ್ದವರು ಮಾತಾಡಬಹುದು. ಆದರೆ ಸಾವು ಕಂಡ ಮನೆಯ ಬಾಗಿಲಿಗೆ ಇಪ್ಪತ್ತು ವರ್ಷದ ನಾಲ್ವರನ್ನು ಮೈಕು ಕೊಟ್ಟು ಕಳಿಸಬೇಡಿ. ಅಂಥ ಪ್ರಶ್ನೆಯನ್ನು ಸರಿಯಾಗಿ ಕೇಳಬಲ್ಲ ಪತ್ರಕರ್ತರು ರಾಜ್ಯದಲ್ಲೇ ಕೆಲವರು.

ವಿಷಯ ಒಪ್ಪಿಗೆಯಾದ ಮೇಲೆ ಮೊದಲ ಸಲ ಹೋಗುವಾಗ ಕ್ಯಾಮೆರಾ ಬೇಡ. ಮೊಬೈಲು ಜೇಬಿನಲ್ಲಿರಲಿ, ನೋಟ್‌ಬುಕ್ಕು ಕೈಯಲ್ಲಿರಲಿ. ಹೋಗಿ ಕೂತು, ಕೆಲಸ ನೋಡಿ, ಚಾ ಕೊಟ್ಟರೆ ಕುಡಿದು ಬರಬೇಕು. ಬರುವಾಗ ಐದು ಸಂಗತಿ ತಿಳಿದಿರಬೇಕು: ಕೆಲಸ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಬಿಸಿಲು ಯಾವ ಕಡೆಯಿಂದ ಬರುತ್ತದೆ, ಹತ್ತಿರ ಏನು ಗಲಾಟೆ ಇದೆ, ಈ ಮನುಷ್ಯ ಮಾತಾಡುವ ಜಾತಿಯೋ ಮೌನದ ಜಾತಿಯೋ. ಕೊನೆಯದು ಬಹಳ ಮುಖ್ಯ. ಕೆಲವರು ಕೈ ಕೆಲಸದಲ್ಲಿದ್ದಾಗ ಮಾತ್ರ ಮಾತಾಡುತ್ತಾರೆ, ಕುರ್ಚಿ ಹಾಕಿ ಕೂರಿಸಿದರೆ ಬಾಯಿ ಕಟ್ಟುತ್ತದೆ. ಅಂಥವರನ್ನು ಕೂರಿಸಲೇಬೇಡಿ, ಕೆಲಸ ಮಾಡುತ್ತಿರುವಾಗಲೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿ.

ಅನುಮತಿಯ ಕೆಲಸವೂ ಈಗಲೇ ಆಗಬೇಕು. ಕಾರವಾರದಲ್ಲಿ ಇದನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿಲ್ಲ. ಒಂದು ಕಡೆ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ. ಈ ಆವರಣಗಳ ಕಡೆಗೆ ಲೆನ್ಸು ತಿರುಗಿಸುವುದೇ ಬೇಡ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ, ಅದಕ್ಕೆ ಕಾಲೇಜು ಪ್ರಾಜೆಕ್ಟು ಎಂಬ ವಿನಾಯಿತಿ ಇಲ್ಲ. ಡ್ರೋನ್ ಇರುವ ಅಣ್ಣ ಒಬ್ಬ ಯಾವುದಾದರೂ ಗುಂಪಿಗೆ ಇದ್ದೇ ಇರುತ್ತಾನೆ. 2021ರ ಡ್ರೋನ್ ನಿಯಮಗಳಲ್ಲಿ ಹಸಿರು, ಹಳದಿ, ಕೆಂಪು ಎಂದು ವಲಯಗಳಿವೆ. 250 ಗ್ರಾಂ ಒಳಗಿನ ಆಟಿಕೆಯಂಥ ಡ್ರೋನಾದರೂ ಕೆಂಪು ವಲಯದಲ್ಲಿ ಕೇಂದ್ರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ನನ್ನ ಕೇಳಿದರೆ, ಈ ಪ್ರಾಜೆಕ್ಟಿಗೆ ಡ್ರೋನನ್ನೇ ನಿಷೇಧಿಸಿಬಿಡಿ. ಮೇಲಿನಿಂದ ನೋಡಿದರೆ ಎಲ್ಲ ಊರೂ ಒಂದೇ ತೆಂಗಿನ ತೋಟ.

ಚಿತ್ರದಲ್ಲಿ ಕಾಣಿಸಿಕೊಳ್ಳುವವರ ಒಪ್ಪಿಗೆಗೆ ಒಂದು ಪುಟದ ಪತ್ರ ಮಾಡಿಕೊಡಿ, ಕನ್ನಡದಲ್ಲೇ. ಓದು ಬಾರದವರಿದ್ದರೆ ಕ್ಯಾಮೆರಾದ ಎದುರೇ ಕೇಳಿ ರೆಕಾರ್ಡು ಮಾಡಿಕೊಳ್ಳಲಿ: ಇದು ಯಾಕೆ, ಎಲ್ಲಿ ತೋರಿಸುತ್ತೇವೆ, ಯೂಟ್ಯೂಬಿಗೆ ಹಾಕುತ್ತೇವೋ ಇಲ್ಲವೋ. ಹದಿನೆಂಟರ ಒಳಗಿನವರಿಗೆ ತಂದೆ ತಾಯಿಯ ಸಹಿ.

ಈಗ ತೆಗೆಯುವ ಕೆಲಸ. ಇದನ್ನು ಪಾಠವಾಗಿ ಹೇಳುವುದಕ್ಕಿಂತ ಒಂದು ರಾತ್ರಿಯ ಕತೆ ಹೇಳುವುದು ಸುಲಭ. ಶಿರಸಿ ಸಮೀಪದ ಒಂದು ಮನೆಯ ಜಗುಲಿ, ಹಸಿ ಅಡಿಕೆ ಸುಲಿಯುವ ಹೊತ್ತು. ಆರೇಳು ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಕಮ್ಮಟದ ಹುಡುಗನೊಬ್ಬ ಮೊಬೈಲು ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ, ವಾಪಸ್ ಬಂದ, ಝೂಮ್ ಮಾಡಿದ, ಮತ್ತೆ ನಡೆದ. ಹನ್ನೆರಡು ನಿಮಿಷದ ಒಂದೇ ಶಾಟು. ಸಂಕಲನಕ್ಕೆ ಕೂತಾಗ ಅದರಲ್ಲಿ ಬಳಸಬಹುದಾದ್ದು ಎಂಟು ಸೆಕೆಂಡು.

ಮಾರನೆಯ ರಾತ್ರಿ ಅದೇ ಹುಡುಗನಿಗೆ ಒಂದೇ ಕಟ್ಟಳೆ: ಫೋನು ಅಲ್ಲಾಡಬಾರದು, ಪ್ರತಿ ಶಾಟೂ ಹತ್ತು ಸೆಕೆಂಡು, ಆಮೇಲೆ ಜಾಗ ಬದಲಿಸಬೇಕು. ಮೊದಲು ಅಂಗಳದಿಂದ ಇಡೀ ಜಗುಲಿ, ಬಲ್ಬಿನ ಕೆಳಗೆ ಎಲ್ಲರೂ. ಆಮೇಲೆ ಒಬ್ಬರೇ, ಸೊಂಟದಿಂದ ಮೇಲೆ. ಆಮೇಲೆ ಕೈ ಮಾತ್ರ: ಕತ್ತಿಯ ಬಾಯಿಗೆ ಅಡಿಕೆ ಒತ್ತುವುದು, ಸಿಪ್ಪೆ ಬಿಚ್ಚಿ ಬೇಳೆ ಹೊರಬರುವುದು. ಆಮೇಲೆ ಮುಖ, ಕಣ್ಣು ಕೈಯ ಮೇಲೆ ಇಲ್ಲ, ಪಕ್ಕದವಳ ಮಾತಿನ ಮೇಲಿದೆ. ಆಮೇಲೆ ಆ ಪಕ್ಕದವಳು, ನಗುತ್ತಿದ್ದಾಳೆ. ಕೊನೆಗೆ ಸುಲಿದ ಅಡಿಕೆ ಡಬ್ಬಕ್ಕೆ ಬೀಳುವುದು, ಮೂಲೆಯಲ್ಲಿ ಬೆಳೆಯುತ್ತಿರುವ ಸಿಪ್ಪೆಯ ರಾಶಿ, ಮೊದಲ ಶಾಟಿನಲ್ಲಿ ಮೊಣಕಾಲೆತ್ತರ ಇದ್ದದ್ದು ಈಗ ಸೊಂಟದೆತ್ತರ. ಅಷ್ಟೂ ಸೇರಿ ಎರಡು ನಿಮಿಷವಾಗಲಿಲ್ಲ. ಜೋಡಿಸಿದಾಗ ಒಂದು ರಾತ್ರಿ ಕಳೆದದ್ದು ಗೊತ್ತಾಗುತ್ತಿತ್ತು, ಯಾರೂ ಏನೂ ಹೇಳಬೇಕಾಗಲಿಲ್ಲ. ಅವನು ಆ ಹೆಂಗಸರ ಸಾಲಿನ ಒಂದೇ ಪಕ್ಕದಲ್ಲಿ ಉಳಿದಿದ್ದ, ಸಾಲು ದಾಟಿ ಹಿಂಬದಿಗೆ ಹೋಗಿರಲಿಲ್ಲ. ಹೋಗಿದ್ದರೆ ಎಡಕ್ಕೆ ನೋಡುತ್ತಿದ್ದವಳು ಮುಂದಿನ ಶಾಟಿನಲ್ಲಿ ಬಲಕ್ಕೆ ನೋಡಿ, ಇಬ್ಬರೂ ಬೆನ್ನು ಹಾಕಿ ಮಾತಾಡುವ ಹಾಗೆ ಕಾಣುತ್ತಿತ್ತು. ಪುಸ್ತಕದಲ್ಲಿ ಇದಕ್ಕೆ 180 ಡಿಗ್ರಿ ನಿಯಮ ಎಂದು ಹೆಸರು. ಮಕ್ಕಳಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ತೋರಿಸಿ.

ಆ ಜಗುಲಿಯ ಫುಟೇಜಿನಲ್ಲಿ ಒಂದು ತೊಂದರೆ ಇತ್ತು, ಬೆಳಕು ಪಟ್ಟೆ ಪಟ್ಟೆಯಾಗಿ ಮಿಣುಕುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಫೋನಿನ ಷಟರ್, ಅಂದರೆ ಪ್ರತಿ ಚಿತ್ರಕ್ಕೆ ಬೆಳಕು ಬಿಡುವ ಹೊತ್ತು, ಅದಕ್ಕೆ ಹೊಂದದಿದ್ದರೆ ಪಟ್ಟೆ ಬರುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ಷಟರ್ 1/50 ಅಥವಾ 1/100ಕ್ಕೆ ಕಟ್ಟಿಹಾಕಿದರೆ ಹೋಗುತ್ತದೆ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) 25 ಸಿಗುವುದಾದರೆ 25, ಇಲ್ಲವಾದರೆ 30. ಗುಂಪಿನ ಎಲ್ಲ ಫೋನುಗಳಲ್ಲೂ ಅದು ಒಂದೇ ಇರಲಿ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಪರದೆಯ ಮೇಲೆ ಒತ್ತಿ ಹಿಡಿದು ಲಾಕ್ ಮಾಡುವುದನ್ನು ಮೊದಲ ದಿನವೇ ಕಲಿಸಿ.

ಕರಾವಳಿಯ ಬಿಸಿಲಿಗೆ ಬೇರೆಯೇ ಲೆಕ್ಕ. ಸಂಜೆ ಐದೂವರೆಗೆ ಟ್ಯಾಗೋರ್ ಬೀಚಿಗೆ ಹೋಗಿ ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿ ಸಂದರ್ಶನ ತೆಗೆಯುತ್ತಾರೆ, ಮುಖ ಕಪ್ಪು ಬರುತ್ತದೆ. ಕಡಲು ಪಡುವಣಕ್ಕೆ, ಸೂರ್ಯ ಅದರ ಮೇಲೇ ಇದ್ದಾನೆ, ಇನ್ನೇನಾಗಬೇಕು? ಅದೇ ಜಾಗಕ್ಕೆ ಬೆಳಿಗ್ಗೆ ಹೋಗಲಿ. ಕಾರವಾರದಲ್ಲಿ ಮೂಡಣಕ್ಕೆ ಗುಡ್ಡ ಇರುವುದರಿಂದ ಬಿಸಿಲು ದಂಡೆಗೆ ಸ್ವಲ್ಪ ತಡವಾಗಿ ಇಳಿಯುತ್ತದೆ. ಅಲ್ಲಿಂದ ಒಂಬತ್ತೂವರೆವರೆಗೆ ಕಡಲು ಹಿಂದೆ, ಮುಖದ ಮೇಲೆ ಹಿತವಾದ ಬೆಳಕು. ಇನ್ನೊಂದು ಲಾಭವೂ ಇದೆ. ಬೆಳಗಿನ ಹೊತ್ತು ದಂಡೆಯಲ್ಲಿ ಗಾಳಿ ಕಡಿಮೆ. ನೆಲ ಕಾದಂತೆ ಕಡಲಿನಿಂದ ಗಾಳಿ ಏಳುತ್ತದೆ, ಹನ್ನೊಂದರ ಮೇಲೆ ಮೈಕಿನಲ್ಲಿ ಭೋರ್ ಎನ್ನುವುದೊಂದೇ ಕೇಳುತ್ತದೆ.

ಇಲ್ಲಿಗೆ ನಿಮ್ಮ ಎರಡನೆಯ ಸಮಸ್ಯೆಗೆ ಬಂದೆವು, ಮಾತು ಕೇಳಿಸದಿರುವುದು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳ ಚಿತ್ರ ಸೋಲುವುದು ಹತ್ತರಲ್ಲಿ ಎಂಟು ಸಲ ಇಲ್ಲೇ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಗೊತ್ತಾಗದಿದ್ದರೆ ಎದ್ದು ಹೋಗುತ್ತಾರೆ. ಆರು ಅಡಿ ದೂರದ ಫೋನಿನ ಮೈಕಿಗೆ ಎದುರಿನವರ ಮಾತೂ ಹಿಂದಿನ ಲಾರಿಯೂ ಒಂದೇ. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿರಬೇಕು, ಅದಕ್ಕಿಂತ ದೊಡ್ಡ ಗುಟ್ಟು ಇದರಲ್ಲಿಲ್ಲ. ಹೊಸ ಕ್ಯಾಮೆರಾಕ್ಕೆ ಬೇಡಿಕೆ ಸಲ್ಲಿಸಬೇಡಿ. ಅದರ ಬದಲು ಎಂಟು ಗುಂಪಿಗೆ ಎಂಟು ವೈರಿನ ಕಾಲರ್ ಮೈಕು ಕೇಳಿ. ಕ್ಯಾಮೆರಾದ ಬೆಲೆಯ ಮೂಲೆಗೂ ಬರುವುದಿಲ್ಲ, ಪ್ರಾಂಶುಪಾಲರು ಸಹಿ ಹಾಕುತ್ತಾರೆ. ಅದೂ ಆಗಲಿಲ್ಲ ಎಂದರೆ ಎರಡನೆಯ ಫೋನೇ ಮೈಕು. ಅದರಲ್ಲಿ ರೆಕಾರ್ಡರ್ ಹಚ್ಚಿ, ಏರೋಪ್ಲೇನ್ ಮೋಡ್ ಹಾಕಿ, ಮಾತಾಡುವವರ ಅಂಗಿಯ ಮೇಲ್ಜೇಬಿನಲ್ಲಿ ಮೈಕಿನ ತೂತು ಮೇಲೆ ಬರುವ ಹಾಗೆ ಇಡುವುದು. ಎರಡೂ ಫೋನು ಓಡುತ್ತಿರುವಾಗ ಕ್ಯಾಮೆರಾ ಎದುರು ಒಂದು ಚಪ್ಪಾಳೆ. ಸಂಕಲನದಲ್ಲಿ ಚಪ್ಪಾಳೆಯ ಚಿತ್ರಕ್ಕೆ ಚಪ್ಪಾಳೆಯ ಶಬ್ದ ಕೂರಿಸಿದರೆ ಮಾತು ತುಟಿಗೆ ಹೊಂದುತ್ತದೆ. ಉದ್ದದ ಶಾಟಿನಲ್ಲಿ ಕೊನೆಗೆ ಸ್ವಲ್ಪ ಜಾರಬಹುದು. ಫೋನುಗಳು ಫ್ರೇಮ್ ರೇಟನ್ನು ತಾವೇ ಹಿಂದೆಮುಂದೆ ಮಾಡುತ್ತವೆ. ಅದಕ್ಕೇ ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಮತ್ತೆ ಚಪ್ಪಾಳೆ ತಟ್ಟಿಸಿ.

ಮೀನು ಪೇಟೆಯ ಉದಾಹರಣೆ ಕೊಡುತ್ತೇನೆ, ನಿಮ್ಮ ಯಾವುದೋ ಗುಂಪು ಹೋಗಿಯೇ ಹೋಗುತ್ತದೆ. ಕಾಲರ್ ಮೈಕನ್ನು ಸೀರೆಯ ಸೆರಗಿಗೆ ಸಿಕ್ಕಿಸಿದರೆ ಪ್ರತಿ ಸಲ ಕೈ ಎತ್ತಿದಾಗ ಸರ್ ಸರ್ ಎನ್ನುತ್ತದೆ. ಸೆರಗು ಬಿಟ್ಟು ರವಿಕೆಯ ಅಂಚಿಗೆ ಹಾಕಬೇಕು, ಅದನ್ನು ಗುಂಪಿನ ಹುಡುಗಿಯೇ ಕೇಳಿ ಹಾಕಬೇಕು. ವ್ಯಾಪಾರದ ನಡುವೆ ಪ್ರಶ್ನೆ ಕೇಳಿದರೆ ಬೈಸಿಕೊಳ್ಳುವುದು ಖಂಡಿತ, ಬೈದದ್ದೂ ಚೆನ್ನಾಗಿ ರೆಕಾರ್ಡ್ ಆಗುತ್ತದೆ, ಆದರೆ ಹಾಕುವ ಹಾಗಿರುವುದಿಲ್ಲ! ಹನ್ನೆರಡರ ಮೇಲೆ ಗಿರಾಕಿ ಕಡಿಮೆಯಾದಾಗ ಬುಟ್ಟಿಯ ಪಕ್ಕ ಕೂತು ಕೇಳಲಿ. ಮಾತು ಮುಗಿದ ಮೇಲೆ ಎದ್ದು ಬರುವುದಲ್ಲ: ಕತ್ತಿ ಮಣೆಗೆ ಬೀಳುವ ಶಬ್ದ, ನೀರು ಎರಚುವುದು, ಚೌಕಾಸಿ, ಇದೆಲ್ಲ ಬೇರೆ ಬೇರೆಯಾಗಿ ಹತ್ತಿರದಿಂದ ಬೇಕು. ಕೊನೆಗೆ ಯಾರೂ ಏನೂ ಮಾತಾಡದೆ ಅರ್ಧ ನಿಮಿಷ ಪೇಟೆಯ ಗದ್ದಲವನ್ನಷ್ಟೇ ರೆಕಾರ್ಡು ಮಾಡಿಕೊಳ್ಳಬೇಕು. ಮಾತುಗಳನ್ನು ಕತ್ತರಿಸಿ ಜೋಡಿಸಿದ ಕಡೆ ಹಿನ್ನೆಲೆ ಟಕ್ ಎಂದು ಕಡಿದುಹೋಗದಂತೆ ಕೆಳಗೆ ಹಾಸುವುದು ಇದನ್ನೇ. ಇಷ್ಟು ಶಬ್ದ ಇದ್ದರೆ ಕೊಳಲು ಬೇಕಾಗುವುದೇ ಇಲ್ಲ. ಸಿನಿಮಾ ಹಾಡು ಹಾಕಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಮಾತು ಹಾಗಿರಲಿ, ಯೂಟ್ಯೂಬಿಗೆ ಏರಿಸಿದ ಕೂಡಲೇ ಅದರ ಯಂತ್ರವೇ ಹಿಡಿಯುತ್ತದೆ.

ಭಾಷೆಯ ವಿಷಯ ಕಾರವಾರದವರಿಗೆ ಪ್ರತ್ಯೇಕವಾಗಿ ಹೇಳಬೇಕು. ಮನೆಯಲ್ಲಿ ಕೊಂಕಣಿ ಆಡುವವರನ್ನು ಕ್ಯಾಮೆರಾ ಎದುರು ಕನ್ನಡದಲ್ಲಿ ಮಾತಾಡಿಸಿದರೆ ಅವರು ಪಂಚಾಯ್ತಿ ಸಭೆಗೆ ಬಂದವರಂತೆ ಮಾತಾಡುತ್ತಾರೆ. ಕೊಂಕಣಿಯಲ್ಲೇ ಹೇಳಲಿ, ಭಟ್ಕಳದ ನವಾಯಿತಿಯಲ್ಲೇ ಹೇಳಲಿ, ಹವ್ಯಕದಲ್ಲಿ, ಹಾಲಕ್ಕಿ ಕನ್ನಡದಲ್ಲಿ ಹೇಳಲಿ. ಕೆಳಗೆ ಅಡಿಬರಹ ಹಾಕಿದರಾಯಿತು. ಪ್ರತಿ ಗುಂಪಿನಲ್ಲೂ ಆ ಭಾಷೆ ಬರುವ ಒಬ್ಬರು ಇರುವಂತೆ ಗುಂಪು ಮಾಡಿ. ಹಾಜರಿ ಪುಸ್ತಕದ ಕ್ರಮದಲ್ಲಿ ಗುಂಪು ಮಾಡುವುದು ಅತಿ ಕೆಟ್ಟ ಪದ್ಧತಿ. ಅಡಿಬರಹ ಎರಡು ಸಾಲು ಮೀರದಿರಲಿ, ನೀವು ಬಾಯ್ಬಿಟ್ಟು ಓದಿ ಮುಗಿಸುವಷ್ಟು ಹೊತ್ತು ಪರದೆಯ ಮೇಲಿರಲಿ. ಮತ್ತೆ, ಕನ್ನಡ ಅಕ್ಷರ ಟೈಪು ಮಾಡಿದ ಮೇಲೆ ಒತ್ತಕ್ಷರ ಪಕ್ಕಕ್ಕೆ ಸರಿದು ಕೂತಿದೆಯೇ ನೋಡಬೇಕು. 'ಶಿಕ್ಷಣ' ಎನ್ನುವುದು 'ಶಿಕ್‌ಷಣ' ಆಗಿ ಬೆಳ್ಳಿತೆರೆಯ ಮೇಲೆ ರಾರಾಜಿಸಿದ್ದನ್ನು ನೋಡಿದ್ದೇನೆ, ಅದೂ ಪತ್ರಿಕೋದ್ಯಮ ವಿಭಾಗದ್ದೇ. ಪ್ರೀಮಿಯರ್ ಎಂಬ ಸಂಕಲನ ತಂತ್ರಾಂಶದಲ್ಲಾದರೆ ಸೆಟ್ಟಿಂಗಿಗೆ ಹೋಗಿ ದಕ್ಷಿಣ ಏಷ್ಯಾ ಲಿಪಿಗಳ ಪಠ್ಯ ಎಂಜಿನ್ ಆರಿಸಬೇಕು. ಬೇರೆ ಕಡೆ ಹಟ ಹಿಡಿದರೆ ಶೀರ್ಷಿಕೆಯನ್ನು ಹೊರಗೆ ಚಿತ್ರವಾಗಿ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಫೈಲಾಗಿ ತಂದು ಅಂಟಿಸಿ.

'ಫೈಲೇ ಹೋಯ್ತು' ಎನ್ನುವುದಕ್ಕೆ ಮದ್ದು ಲೆಕ್ಕದಲ್ಲಿದೆ. ಗುಂಪಿಗೆ ಒಂದು ಗಂಟೆಗಿಂತ ಹೆಚ್ಚು ಫುಟೇಜು ಬೇಡ ಎಂದು ಮಿತಿ ಹಾಕಿ. ಮೊಬೈಲಿನಲ್ಲಿ 1080 ಗಾತ್ರದ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ತಿನ್ನುತ್ತದೆ, ಅಂದರೆ ಗಂಟೆಗೆ ಎಂಟು ಜಿಬಿ ಹತ್ತಿರ; ಎಂಟು ಗುಂಪಿಗೆ ಅರವತ್ತು ಚಿಲ್ಲರೆ. ವಿಭಾಗದ ಒಂದು ಹಾರ್ಡ್‌ಡಿಸ್ಕಿನಲ್ಲಿ ಎಲ್ಲವೂ ಹಿಡಿಯುತ್ತದೆ. 4ಕೆ ಬೇಡ, ಅದರ ಎರಡೂವರೆ ಮೂರು ಪಟ್ಟು ಜಾಗ ತಿಂದು, ಮಕ್ಕಳ ಲ್ಯಾಪ್‌ಟಾಪನ್ನು ಕೂರಿಸಿಬಿಡುತ್ತದೆ. ಶೂಟಿಂಗ್ ಮುಗಿಸಿದ ಮರುದಿನ ಬೆಳಿಗ್ಗೆ ಕೇಬಲ್ಲಿನಲ್ಲಿ ನಿಮ್ಮ ಡಿಸ್ಕಿಗೆ ಇಳಿಸಬೇಕು, ಇನ್ನೊಂದು ಪ್ರತಿ ಗುಂಪಿನ ಪೆನ್‌ಡ್ರೈವಿನಲ್ಲಿ. ನೀವು ನೋಡಿ ಟಿಕ್ ಹಾಕುವವರೆಗೆ ಫೋನಿನಿಂದ ಅಳಿಸುವ ಹಾಗಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸಿಕೊಂಡರೆ ಅದು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ. ಕಳೆದ ವರ್ಷದ ಚಿತ್ರಗಳು ಮಸುಕಾಗಿದ್ದರೆ ಕಾರಣ ಇದೇ ಇದ್ದೀತು.

ಸಂಕಲನಕ್ಕೆ ಮೊದಲು ಒಂದು ದಿನ ಕಾಗದದ ಮೇಲೆ. ಸಂದರ್ಶನದಲ್ಲಿ ಹೇಳಿದ್ದನ್ನು ಅಕ್ಷರಕ್ಕಿಳಿಸಿ, ಬೇಕಾದ ವಾಕ್ಯಕ್ಕೆ ಗೆರೆ ಹಾಕಿ, ಪುಟವನ್ನು ಎರಡು ಅಂಕಣ ಮಾಡಿ, ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಬಲ ತುಂಬಿ ಎಡ ಖಾಲಿ ಉಳಿದ ಕಡೆ ಚಿತ್ರ ಇಲ್ಲ ಎಂದರ್ಥ. ಮೂರನೆಯ ಸಲ ಆ ಜಾಗಕ್ಕೆ ಹೋಗುವುದು ಅದನ್ನು ತರಲಿಕ್ಕೆ. ನಿರೂಪಣೆ ಬೇಕೇ ಬೇಕು ಎಂದರೆ ಐದು ನಿಮಿಷಕ್ಕೆ 250 ಪದ ಮೀರಬಾರದು. ತಂತ್ರಾಂಶ ಯಾವುದಾದರೂ ಸರಿ. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್ (Kdenlive) ಎರಡೂ ಉಚಿತ, ಫೋನಿನಲ್ಲೇ ಮಾಡುವವರು ಫೋನಿನಲ್ಲೇ ಮಾಡಲಿ.

ಆರು ವಾರವನ್ನು ನಾನಾದರೆ ಹೀಗೆ ಹಂಚುತ್ತೇನೆ. ಮೊದಲ ವಾರ ವಿಷಯದ ಮಾತೇ ಇಲ್ಲ. ಪ್ರತಿ ಗುಂಪೂ ಕ್ಯಾಂಟೀನಿನಲ್ಲಿ ಚಾ ಆಗುವುದನ್ನು ಒಂದು ನಿಮಿಷದಲ್ಲಿ, ಮಾತಿಲ್ಲದೆ, ಹತ್ತು ಶಾಟಿನಲ್ಲಿ ತೋರಿಸಬೇಕು. ಎಂಟು ಚಾ ಚಿತ್ರಗಳನ್ನು ಒಟ್ಟಿಗೆ ಹಾಕಿ ನೋಡಿದ ದಿನ ಅವರು ಕಲಿಯುವಷ್ಟು ನಾನು ಒಂದು ತಿಂಗಳು ಉಪನ್ಯಾಸ ಕೊಟ್ಟರೂ ಕಲಿಯುವುದಿಲ್ಲ. ಎರಡನೆಯ ವಾರ ವಾಕ್ಯ, ಭೇಟಿ, ಒಪ್ಪಿಗೆ ಪತ್ರ. ಮೂರು, ನಾಲ್ಕನೆಯ ವಾರ ಶೂಟಿಂಗು, ಮಳೆ ಬಂದರೆ ಎಂದು ಎರಡು ದಿನ ಕೈಯಲ್ಲಿಟ್ಟುಕೊಂಡು. ಐದನೆಯ ವಾರ ಕಾಗದ, ಒರಟು ಸಂಕಲನ, ಬಿಟ್ಟುಹೋದ ಶಾಟು. ಆರನೆಯದು ಧ್ವನಿ ಮತ್ತು ಅಡಿಬರಹಕ್ಕೇ ಬೇಕಾಗುತ್ತದೆ, ಕಡಿಮೆ ಮಾಡಬೇಡಿ. ನಾಲ್ವರಲ್ಲಿ ಒಬ್ಬರು ನಿರ್ದೇಶನ, ಒಬ್ಬರು ಕ್ಯಾಮೆರಾ, ಒಬ್ಬರು ಧ್ವನಿ, ಒಬ್ಬರು ಸಂಕಲನ. ಮೈಕು ಹಿಡಿದು ಕ್ಯಾಮೆರಾ ಎದುರು 'ನಾನೀಗ ನಿಂತಿರುವುದು...' ಎನ್ನುವ ಐದನೆಯ ಹುದ್ದೆ ಇಲ್ಲ.

ಅಂಕ 50 ಎಂದಿಟ್ಟುಕೊಂಡರೆ ಚಿತ್ರಕ್ಕೆ 15 ಮಾತ್ರ. ಭೇಟಿಯ ಟಿಪ್ಪಣಿ ಮತ್ತು ಕಾಗದದ ಸಂಕಲನಕ್ಕೆ 15, ಧ್ವನಿಗೆ 10, ಪ್ರತಿಯೊಬ್ಬರ ದಿನಚರಿಗೆ 10. ಹೀಗೆ ಮಾಡಿದರೆ ದೊಡ್ಡ ಫೋನು ಇರುವವನಿಗೂ ಇಲ್ಲದವಳಿಗೂ ಒಂದೇ ನೆಲ. ಕಾಲೇಜಿನ ಆ ಒಂದೇ ಕ್ಯಾಮೆರಾವನ್ನು ಯಾವ ಗುಂಪಿಗೂ ಕೊಡಬೇಡಿ, ಎಂಟು ಜಗಳ ತಪ್ಪುತ್ತದೆ. ಟ್ರೈಪಾಡನ್ನು ಮಾತ್ರ ಮೊಬೈಲ್ ಹೋಲ್ಡರ್ ಹಾಕಿಸಿ ಸರದಿಯ ಮೇಲೆ ಕೊಡಿ. ದಂಡೆಯಿಂದ ಬಂದ ದಿನ ಅದರ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ ಇಡಬೇಕು. ಮರಳು ಒಳಗೆ ಸೇರಿದರೆ ಒಂದು ಸೆಮಿಸ್ಟರಿಗೆ ಕಾಲು ಹೊರಗೂ ಬರುವುದಿಲ್ಲ, ಒಳಗೂ ಹೋಗುವುದಿಲ್ಲ.

ಪ್ರದರ್ಶನದ ದಿನಕ್ಕೆ ಪ್ರೊಜೆಕ್ಟರಿಗಿಂತ ಮೊದಲು ಸ್ಪೀಕರು ನೋಡಿಕೊಳ್ಳಿ, ಹಿಂದಿನ ದಿನವೇ ಹಚ್ಚಿ ಕೇಳಿ. ಕಿಟಕಿಗೆ ಕಪ್ಪು ಬಟ್ಟೆ. ಬಲೆ ಹೊಲಿದವರಿಗೆ, ಮೀನು ಮಾರಿದವರಿಗೆ ಹೇಳಿಕಳಿಸಿ, ಅವರ ಸಂತೆ ವ್ಯಾಪಾರ ಮುಗಿಯುವ ಹೊತ್ತಿಗೆ ಪ್ರದರ್ಶನ ಇಡಿ. ಬಂದರೆ ಅವರಿಗೆ ಮುಂದಿನ ಸಾಲು; ಅತಿಥಿಗಳ ಭಾಷಣ ಚಿತ್ರ ಮುಗಿದ ಮೇಲೆ ಆಗಲಿ.